ಬಿಚ್ಚಿದ ಅಂಗೈ

ನಮ್ಮ ಶೆಡ್ಡಿನಲ್ಲಿ ಇದ್ದದ್ದೆಲ್ಲ ಸುಳ್ಳು. ಗೋಡೆಗೆ ಒರಗಿಸಿಟ್ಟ ಸಲಾಕೆಗಳು ರಬ್ಬರಿನವು. ಮೂಲೆಯಲ್ಲಿ ಪೇರಿಸಿದ ಇಟ್ಟಿಗೆ ಥರ್ಮೋಕೋಲಿನದು. ಕಪಾಟಿನ ಬಾಟಲಿಗಳು ಸಕ್ಕರೆ ಪಾಕ ಎರೆದು ಮಾಡಿದವು. ತಲೆಗೆ ಬಡಿದರೆ ಪುಡಿಪುಡಿಯಾಗುತ್ತವೆ, ಕೂದಲೂ ಕೊಂಕುವುದಿಲ್ಲ. ನಿಜವಾದದ್ದು ಒಂದೇ, ರೋಪು ಎಳೆಯುವ ರಾಟೆಯ ಕಬ್ಬಿಣದ ಹಿಡಿ. ಮೇಲೆ ನೇತಾಡುವವನ ಜೀವ ಅದರ ಮೇಲೆ ನಿಂತಿರುತ್ತದೆ, ಹಾಗಾಗಿ ಅದನ್ನು ಮಾತ್ರ ನಮ್ಮ ಫೈಟ್ ಮಾಸ್ಟರ್ ಅಸಲಿ ಕಬ್ಬಿಣದಲ್ಲಿ ಮಾಡಿಸಿದ್ದರು. ಕೆಲಸವಿಲ್ಲದಾಗ ಕಳಚಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದೆವು.

ನಾವು ಡೂಪ್‌ಗಳು. ಹೀರೋ ಹಾರಬೇಕಾದಾಗ ಹಾರುವವರು, ವಿಲನ್ ಗಾಜು ಒಡೆದುಕೊಂಡು ಹೊರಗೆ ಬೀಳಬೇಕಾದಾಗ ಬೀಳುವವರು. ನಾವು ಬಿದ್ದ ಜಾಗಕ್ಕೆ ಆಮೇಲೆ ಅವರು ಬಂದು ಮಲಗಿ ಮುಖ ತೋರಿಸುತ್ತಾರೆ. ಮುಖ ಅವರದು, ಮೂಳೆ ನಮ್ಮದು. ನಾನು ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಇಲ್ಲಿಗೆ ಬಂದವನು. ಮಾಸ್ಟರ್ ಹೇಳಿಕೊಟ್ಟದ್ದೇ ನನ್ನ ವಿದ್ಯೆ. ಗುದ್ದು ಮುಖದಿಂದ ಎರಡು ಬೆರಳು ಈಚೆಗೆ ನಿಲ್ಲಬೇಕು. ಗುದ್ದಿಸಿಕೊಂಡವನು ಪೆಟ್ಟು ಬಿದ್ದವನ ಹಾಗೆ ತಲೆ ಹೊರಳಿಸಬೇಕು. ಎತ್ತರದಿಂದ ಬಿದ್ದವನು ಕೂಗಬಾರದು, ಏಳಬಾರದು, ಕೈ ಮಾತ್ರ ಎತ್ತಬೇಕು. ಮುಷ್ಟಿ ಕಟ್ಟಿದ್ದರೆ ಏನೂ ಆಗಿಲ್ಲ ಎಂದು. ಅಂಗೈ ಬಿಚ್ಚಿದ್ದರೆ ಪೆಟ್ಟಾಗಿದೆ, ಬನ್ನಿ ಎಂದು. ಇನ್ನೊಂದು ಪಾಠವೂ ಇತ್ತು. ಆಕಾಶ ಕಳಚಿ ಬಿದ್ದರೂ ಡೈರೆಕ್ಟರ್ ಕಟ್ ಅನ್ನುವವರೆಗೆ ಯಾರೂ ಕ್ಯಾಮೆರಾದ ಎದುರಿಗೆ ಕಾಲಿಡಬಾರದು. ಈ ಎರಡು ಪಾಠ ಒಂದಕ್ಕೊಂದು ಡಿಕ್ಕಿ ಹೊಡೆದರೆ ಯಾವುದು ದೊಡ್ಡದು ಅಂತ ಅವರು ಹೇಳಿಕೊಡಲಿಲ್ಲ. ನಾವೂ ಕೇಳಲಿಲ್ಲ. ಸಾಮಾನ್ಯವಾಗಿ ಮೈ ನೆಲ ಮುಟ್ಟಿದ ಕೂಡಲೇ ಕಟ್ ಹೇಳಿಬಿಡುತ್ತಾರೆ.

ನಮ್ಮಣ್ಣನೂ ಡೂಪ್. ಎಲ್ಲಿಂದ ತಳ್ಳಿದರೂ ಕಾಲ ಮೇಲೇ ನಿಲ್ಲುತ್ತಾನೆ ಎಂದು ಅವನನ್ನು ಎಲ್ಲರೂ ಬೆಕ್ಕು ಎನ್ನುತ್ತಿದ್ದರು. ನಾನು ಅವನ ತಮ್ಮ, ಹಾಗಾಗಿ ಮರಿ. ಅವನ ಬಲಗೈಯ ಕಿರುಬೆರಳು ಸೊಟ್ಟ. ಯಾವುದೋ ಸಿನಿಮಾದಲ್ಲಿ ಕಾರಿನ ಬಾಗಿಲಿಗೆ ಸಿಕ್ಕಿ ಮುರಿದು, ಹೊರಕ್ಕೆ ಬಾಗಿಕೊಂಡೇ ಕೂಡಿಕೊಂಡಿತ್ತು. ಕೆಲಸ ಮುಗಿಸಿ ಮನೆಗೆ ಬಂದವನೇ ಚಾಪೆಯ ಮೇಲೆ ದೊಪ್ಪನೆ ಬಿದ್ದು ಅತ್ತಿಗೆಯ ಕಡೆಗೆ ಮುಷ್ಟಿ ಎತ್ತುತ್ತಿದ್ದ.

"ಇವತ್ತೂ ನಿಂಗೆ ಬಿಡುಗಡೆ ಸಿಗ್ಲಿಲ್ಲ ನೋಡು."

"ನಾಳೆ ನೋಡೋಣ ಬಿಡಿ," ಎಂದು ಅತ್ತಿಗೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಎಸೆಯುತ್ತಿದ್ದರು. ದಿನಾ ಇದೇ ಆಟ. ನಮ್ಮ ತಂಡಕ್ಕೆ ಮಂಡಿಪಟ್ಟಿ, ಬೆನ್ನಿನ ದಿಂಬು ಎಲ್ಲ ಹೊಲಿದು ಕೊಡುತ್ತಿದ್ದವರೂ ಅವರೇ.

ಅಣ್ಣ ಸತ್ತದ್ದು ಕಲ್ಲುಗಣಿಯಲ್ಲಿ, ದೊಡ್ಡ ಹೀರೋ ಒಬ್ಬನ ಸಿನಿಮಾದಲ್ಲಿ. ಆ ದಿನ ನಾನು ಬೇರೊಂದು ಕಡೆ ಮೆಟ್ಟಿಲ ಮೇಲಿಂದ ಉರುಳುತ್ತಿದ್ದೆ. ಮಾಸ್ಟರ್ ನಮ್ಮ ಹೊಸ್ತಿಲ ಮೇಲೆ ಕೂತು ಹೇಳಿದ್ದರು, "ಪ್ರಾಕ್ಟೀಸಲ್ಲಿ ಕಾಲು ಜಾರ್ತಮ್ಮ. ಕ್ಯಾಮೆರಾ ಕೂಡ ಇಟ್ಟಿರ್ಲಿಲ್ಲ. ನೆಲ ಮುಟ್ಟೋಕೆ ಮುಂಚೆನೇ ಹೋಗ್ಬಿಟ್ಟಿದ್ದ. ಒಂದು ಚೂರೂ ಒದ್ದಾಡ್ಲಿಲ್ಲ."

ಆ ಕೊನೆಯ ಮಾತನ್ನು ಹಿಡಿದುಕೊಂಡೇ ಅತ್ತಿಗೆ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು. ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದರು. ತರಕಾರಿಯವಳಿಗೆ ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಹೇಳಿದರು. ಅವರಿಗೆ ನೋವಾಗ್ಲಿಲ್ವಂತೆ. ಆ ಸಿನಿಮಾ ಊರೆಲ್ಲ ಓಡಿತು, ನಾವಿಬ್ಬರು ನೋಡಲಿಲ್ಲ. "ನೋಡ್ಬೇಡಿ, ಸುಮ್ನೆ ಹೊಟ್ಟೆ ಉರಿ," ಎಂದು ಮಾಸ್ಟರ್ ಹೇಳಿದ್ದರು. ಅದನ್ನು ಕಾಳಜಿ ಅಂದುಕೊಂಡೆವು. ನಮ್ಮಂಥ ದಡ್ಡರು ಯಾರೂ ಇರಲಿಲ್ಲ.

ಪ್ರಶಸ್ತಿ ಸಮಾರಂಭವನ್ನು ಟೀವಿಯಲ್ಲಿ ತೋರಿಸಿದ ಸಂಜೆ ಅತ್ತಿಗೆ ಶೆಡ್ಡಿಗೆ ಬಂದದ್ದು ಒಂದೇ ಕಾರಣಕ್ಕೆ. ಆ ವರ್ಷ ತೀರಿಕೊಂಡ ಸಿನಿಮಾದವರ ಫೋಟೋಗಳನ್ನು ವೇದಿಕೆಯ ಮೇಲೆ ತೋರಿಸುತ್ತಾರೆ. ಆ ಸಿನಿಮಾ ತೆಗೆದ ಕಂಪನಿಯ ಮ್ಯಾನೇಜರ್ ಅಣ್ಣನ ಫೋಟೋ ಕೇಳಿ ತರಿಸಿಕೊಂಡಿದ್ದ. ಜೀವಮಾನವಿಡೀ ಕ್ಯಾಮೆರಾಕ್ಕೆ ಬೆನ್ನು ಹಾಕಿ ದುಡಿದವನ ಮುಖ ಒಂದು ಸಲ ಪರದೆಯ ಮೇಲೆ ಬರುತ್ತದೆ. ಅತ್ತಿಗೆ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮುಂದಿನ ಬೆಂಚಿನ ತುದಿಯಲ್ಲಿ ಮದುವೆ ಮನೆಗೆ ಬಂದವರ ಹಾಗೆ ಕೂತಿದ್ದರು.

ತಂಡದವರೆಲ್ಲ ಚಾಪೆಗಳ ಮೇಲೆ ಹರಡಿಕೊಂಡಿದ್ದರು. ಫೈಟಿನವರನ್ನು ಆ ಸಮಾರಂಭಕ್ಕೆ ಯಾರೂ ಕರೆಯುವುದಿಲ್ಲ, ಮಾಸ್ಟರನ್ನೂ ಕರೆದಿರಲಿಲ್ಲ. ಟೀವಿಯಲ್ಲಿ ನಟಿಯೊಬ್ಬಳು ಕಾರಿನಿಂದ ಇಳಿದಳು. ನಮ್ಮಲ್ಲೊಬ್ಬ ಸಣಕಲ, ಚೌರಿ ಕೂದಲು ಹಾಕಿಕೊಂಡು ನಟಿಯರಿಗೆ ಡೂಪ್ ಮಾಡುವವನು. ಅವನಿಗೆ ಹೀರೋಯಿನ್ ಎಂದೇ ಹೆಸರು. ಅವನು ಎದ್ದು ಕೂತ.

"ನೋಡ್ರೋ, ಆ ಸೊಂಟಕ್ಕೆ ಬೀಳ್ಬೇಕಾದ ಒದೆಯೆಲ್ಲ ತಿಂದಿರೋನು ನಾನು."

"ಹಂಗಾದ್ರೆ ಅವಳಿಗೆ ಹೇಳು, ಅವಳಿಗೆ ಬೀಳೋ ಮುತ್ತೂ ನಿಂಗೇ ಕೊಡಿಸ್ಲಿ," ಎಂದ ಡೊಳ್ಳ. ಅವನು ದಪ್ಪ ವಿಲನ್‌ಗಳಿಗೆ ಡೂಪ್.

"ಮೀಸೆ ಚುಚ್ಚುತ್ತೆ ಅಂತ ಹೀರೋ ಒಪ್ಲಿಲ್ಲ ಕಣೋ."

ಅತ್ತಿಗೆಯೂ ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಸಮಾಧಾನವಾಯಿತು. ಮಾಸ್ಟರ್ ನಗಲಿಲ್ಲ. ಟೀವಿಯ ಪಕ್ಕದ ಕುರ್ಚಿಯಲ್ಲಿ, ಅದರ ಕರೆಂಟಿನ ತಂತಿಯ ಹತ್ತಿರ, ಕಾವಲುಗಾರನ ಹಾಗೆ ಕೂತಿದ್ದರು.

ಫೋಟೋಗಳು ಶುರುವಾದವು. ದೀಪ ಆರಿಸಿ, ಪಿಟೀಲು ಬಾರಿಸಿ, ಒಂದೊಂದೇ ಮುಖ. ಮುದುಕ ನಿರ್ಮಾಪಕ, ಹಾಡುವವಳು, ಹಾಸ್ಯದ ನಟ. ಹೀರೋ ಒಬ್ಬನ ನಾಯಿಯ ಫೋಟೋ ಕೂಡ ಬಂತು. ಅದು ಯಾವುದೋ ಸಿನಿಮಾದಲ್ಲಿ ಓಡಿತ್ತಂತೆ. ಸಭೆಯಲ್ಲಿ ಯಾರೋ ಕಣ್ಣು ಒರೆಸಿಕೊಂಡರು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. ಪಿಟೀಲು ನಿಂತಿತು. ದೀಪ ಹತ್ತಿತು.

ಅಷ್ಟೇ.

"ಮುಗೀತಾ?" ಎಂದರು ಅತ್ತಿಗೆ.

ಮಾಸ್ಟರ್ ಗಂಟಲು ಸರಿಮಾಡಿಕೊಂಡರು. "ಕೊನೇಲಿ ಇನ್ನೊಂದ್ಸಲ ತೋರಿಸ್ತಾರೆ ಅನ್ಸುತ್ತೆ. ಟೆಕ್ನಿಶಿಯನ್‌ಗಳದ್ದು ಬೇರೆ ಇರುತ್ತೆ."

"ನಾಯಿ ಯಾವ ಟೆಕ್ನಿಶಿಯನ್ ಮಾಸ್ಟರ್?" ಎಂದೆ.

"ಸುಮ್ನಿರೋ ಮರಿ."

ಒಳಗೆ ಬೆಂಕಿ ಹೊತ್ತಿಕೊಂಡಿತ್ತು. ನಾಯಿಗೆ ಇದ್ದ ಜಾಗ ನಮ್ಮಣ್ಣನಿಗೆ ಇರಲಿಲ್ಲ. ಆದರೂ ಸುಮ್ಮನಿದ್ದೆ, ಅತ್ತಿಗೆ ಕೊನೆಯವರೆಗೂ ಕಾಯುತ್ತೇನೆ ಅನ್ನುವ ಹಾಗೆ ಕೂತಿದ್ದರು.

ಒಂದಷ್ಟು ಪ್ರಶಸ್ತಿಗಳು ಹೋದವು. ಆಮೇಲೆ ಅತ್ಯುತ್ತಮ ನಟ ಎಂದು ಕೂಗಿದ ತಕ್ಷಣ ಮಾಸ್ಟರ್ ಎದ್ದರು.

"ಸಾಕು ಬಿಡ್ರೋ. ಇನ್ನೇನಿದೆ ಇದ್ರಲ್ಲಿ. ಊಟ ತಣ್ಣಗಾಗ್ತಿದೆ," ಎಂದು ತಂತಿಯ ಕಡೆ ಕೈ ಹಾಕಿದರು.

"ಇರ್ಲಿ ಮಾಸ್ಟರ್," ಎಂದರು ಅತ್ತಿಗೆ. "ಕೊನೇಲಿ ತೋರಿಸ್ತಾರೆ ಅಂತ ಈಗ ತಾನೇ ಅಂದ್ರಲ್ಲ."

ಮಾಸ್ಟರ್ ನನ್ನನ್ನು ನೋಡಿದರು, ಡೊಳ್ಳನನ್ನು ನೋಡಿದರು. ಡೊಳ್ಳ ಚಾಪೆಯ ನೂಲು ಕೀಳುತ್ತಿದ್ದ. ಇಡೀ ತಂಡ ನೆಲ ನೋಡುತ್ತಿತ್ತು. ಇವರಿಗೇನು ಬಂತು ಎಂದು ನಾನು ಅಂದುಕೊಂಡದ್ದು ನೆನಪಿದೆ. ಮಾಸ್ಟರ್ ಕೈ ತಂತಿಯ ಮೇಲೇ ಇತ್ತು, ಎಳೆಯಲಿಲ್ಲ.

ಒಬ್ಬೊಬ್ಬ ನಟನ ಒಂದೊಂದು ತುಣುಕು ತೋರಿಸಿದರು. ಒಬ್ಬ ಅತ್ತ, ಒಬ್ಬ ಕೋರ್ಟಿನಲ್ಲಿ ಕೂಗಾಡಿದ. ಕೊನೆಗೆ ಕಲ್ಲುಗಣಿ ಬಂತು.

ಗಣಿಯ ಅಂಚಿನಿಂದ ಒಬ್ಬ ಹಾರಿದ. ಬೆನ್ನು ನಮ್ಮ ಕಡೆಗೆ. ಹಾರಿದ ರೀತಿಯಲ್ಲೇ ಗೊತ್ತಾಯಿತು. ಎಡಭುಜ ಮೊದಲು ತಿರುಗಿಸಿ, ಕಾಲು ಒಳಕ್ಕೆ ಎಳೆದುಕೊಂಡು. ಕೆಳಗೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ಅಂಚಿಗೆ ಬಡಿದು ಆಚೆ, ಕಲ್ಲಿನ ಮೇಲೆ ಬಿದ್ದ. ಧೂಳು ಎದ್ದಿತು. ಇಲ್ಲಿ ಕಟ್ ಹೇಳಬೇಕಿತ್ತು. ಹೇಳಿಲ್ಲ. ಧೂಳಿನೊಳಗಿಂದ ಒಂದು ಕೈ ನಿಧಾನವಾಗಿ ಎದ್ದಿತು. ಬಲಗೈ. ಅಂಗೈ ಬಿಚ್ಚಿತ್ತು. ಕಿರುಬೆರಳು ಹೊರಕ್ಕೆ ಬಾಗಿತ್ತು.

ಕ್ಯಾಮೆರಾ ಆ ಕೈಯ ಸುತ್ತ ತಿರುಗತೊಡಗಿತು. ಹಿಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಮುಂದಕ್ಕೆ. ಸಂಗೀತ ಏರಿತು. ಸಭೆಯಲ್ಲಿ ಚಪ್ಪಾಳೆ ಶುರುವಾಯಿತು. ಕೈ ನಡುಗಿತು, ಬೀಳಹೋಯಿತು, ಮತ್ತೆ ಎದ್ದಿತು. ಬೆರಳುಗಳನ್ನು ಇನ್ನಷ್ಟು ಅಗಲಿಸಿತು, ಕಾಣಲಿಲ್ಲವೇನೋ ಇವರಿಗೆ ಅನ್ನುವ ಹಾಗೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅತ್ತಿಗೆ ತಮ್ಮ ಬಲಗೈಯನ್ನು ಎತ್ತಿ, ಬಿಚ್ಚಿ, ಅದನ್ನೇ ನೋಡಿಕೊಂಡರು. ಆಮೇಲೆ ಮಾಸ್ಟರ್ ಕಡೆ ತಿರುಗಿದರು.

"ಎಷ್ಟು ಹೊತ್ತು?"

"ನೋಡಮ್ಮ, ಅದು..."

"ಕೈ ಎಷ್ಟು ಹೊತ್ತು ಎತ್ತಿದ್ರು ಅಂತ ಕೇಳ್ದೆ."

"ಡೈರೆಕ್ಟ್ರು ಕಟ್ ಹೇಳಿರ್ಲಿಲ್ಲಮ್ಮ. ನಾವು ಹೆಂಗ್ ಒಳಗ್ ಹೋಗೋದು? ಅವರಿಗೆ ಆ ಕೈ ಇಷ್ಟ ಆಗ್ಬಿಡ್ತು. ಹಂಗೇ ಇರ್ಲಿ, ಯಾರೂ ಅಲ್ಲಾಡ್ಬೇಡಿ ಅಂದ್ರು. ಕ್ಯಾಮೆರಾ ಟ್ರಾಲಿ ಒಂದು ಸುತ್ತು ಬಂತು."

"ಒಂದಲ್ಲ," ಎಂದ ಹೀರೋಯಿನ್, ನೆಲ ನೋಡುತ್ತಲೇ. ಅವನು ಅಳುತ್ತಿದ್ದ. "ಇನ್ನೊಂದ್ ಸುತ್ತು ಅಂದ್ರು. ಬೆಳಕು ಚೆನ್ನಾಗಿದೆ ಅಂದ್ರು. ನಾವೆಲ್ಲ ಅಲ್ಲೇ ನಿಂತಿದ್ವಿ ಅಕ್ಕ. ಎರಡನೇ ಸುತ್ತಲ್ಲಿ ಕೈ ಬಿತ್ತು."

"ಮುಚ್ಚೋ ಬಾಯಿ," ಎಂದರು ಮಾಸ್ಟರ್.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಕಪಾಟಿನಿಂದ ಒಂದು ಬಾಟಲಿ ಕಿತ್ತು ಮಾಸ್ಟರ್ ನೆತ್ತಿಗೆ ಬಾರಿಸಿದೆ. ಠಣ್ ಎಂದು ಪುಡಿಯಾಗಿ ಅವರ ಹೆಗಲ ಮೇಲೆ ಸಕ್ಕರೆ ಉದುರಿತು. ಅವರು ಕಣ್ಣು ಪಿಳುಕಿಸಿದರು, ಅಷ್ಟೇ. ಕೈಗೆ ಸಿಕ್ಕ ಸಲಾಕೆ ತಗೊಂಡು ಬೀಸಿದೆ. ರಬ್ಬರು. ಅವರ ಪಕ್ಕೆಗೆ ಬಡಿದು ನನ್ನ ಮುಖಕ್ಕೇ ಬಾಗಿ ಬಂತು. ಹಿಂದೆ ಯಾರೋ ಪಿಸಕ್ಕನೆ ನಕ್ಕರು, ಹೆದರಿಕೆಗೆ.

"ಏನೋ ಮಾಡ್ದೆ ನೀನು," ಎಂದೆ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಏಕವಚನ ಬಿದ್ದಿತು. "ಅಂಗೈ ಬಿಚ್ಚಿದ್ರೆ ಏನು ಅಂತ ಹೇಳ್ಕೊಟ್ಟೋನು ನೀನಲ್ವೇನೋ?"

ಮುಷ್ಟಿ ಕಟ್ಟಿ ಸೊಂಟದಿಂದ ತಿರುಗಿಸಿ ಗುದ್ದಿದೆ. ಮೈಯಲ್ಲಿದ್ದ ಎಲ್ಲ ಬಲ ಹಾಕಿ ಗುದ್ದಿದೆ. ಗುದ್ದು ಮೂಗಿನಿಂದ ಎರಡು ಬೆರಳು ಈಚೆಗೆ ನಿಂತಿತು.

ನಾನು ನಿಲ್ಲಿಸಲಿಲ್ಲ. ತೋಳು ತಾನಾಗಿ ನಿಂತಿತು. ಇದಕ್ಕಿಂತ ಹೇಸಿಗೆ, ಮಾಸ್ಟರ್ ತಲೆ ಫಟ್ಟನೆ ಪಕ್ಕಕ್ಕೆ ಹೊರಳಿತು. ಬಾಯಿಂದ ಹ್ಞಾ ಎಂಬ ಸದ್ದೂ ಬಂತು. ಅವರೂ ಬೇಕೆಂದು ಮಾಡಿದ್ದಲ್ಲ. ಮತ್ತೆ ಗುದ್ದಿದೆ, ಮತ್ತೆ ನಿಂತಿತು, ಮತ್ತೆ ಅವರ ತಲೆ ಹೊರಳಿತು. ಅಣ್ಣನನ್ನು ಕೊಂದವನ ಎದುರು ನಿಂತು ನಾನು ಫೈಟ್ ಸೀನು ಮಾಡುತ್ತಿದ್ದೆ. ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ ನನ್ನ ಸಿಟ್ಟೂ ಅವನ ಪಾಠವನ್ನೇ ಕೇಳುತ್ತಿತ್ತು.

ಕೈ ಬಿಟ್ಟು ಹಣೆಯಿಂದ ಗುದ್ದಿದೆ. ಹಣೆಗೆ ಯಾರೂ ಪಾಠ ಮಾಡಿರಲಿಲ್ಲ. ಮೂಗಿನ ಮೂಳೆ ಮುರಿದ ಸದ್ದು ನನ್ನ ತಲೆಬುರುಡೆಯೊಳಗೇ ಕೇಳಿಸಿತು. ಬಿಸಿ ರಕ್ತ ನನ್ನ ಕಣ್ಣಿಗೆ ಬಂತು. ಡೊಳ್ಳ ಹಿಂದಿನಿಂದ ಬಂದು ತಬ್ಬಿ ಹಿಡಿದ. ಅವನ ಮುಂಗೈ ಕಚ್ಚಿದೆ, ಹಲ್ಲು ಮಾಂಸಕ್ಕೆ ಇಳಿಯುವವರೆಗೆ ಬಿಡಲಿಲ್ಲ. ಅವನು ನನ್ನನ್ನು ಎತ್ತಿ ನೆಲಕ್ಕೆ ಒಗೆದ. ಚಾಪೆ ಇಲ್ಲದ ಕಡೆಗೆ ಒಗೆದ. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಡೊಳ್ಳ ಎದೆಯ ಮೇಲೆ ಕೂತು, "ಬೇಡ ಕಣೋ, ಬೇಡ ಕಣೋ," ಎನ್ನುತ್ತ ನನ್ನ ಬಾಯಿಗೇ ಹೊಡೆಯುತ್ತಿದ್ದ. ಅವನ ಹೊಡೆತ ಈಚೆಗೆ ನಿಲ್ಲಲಿಲ್ಲ, ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು.

ಟೀವಿಯಲ್ಲಿ ಹೀರೋನ ಹೆಸರು ಕೂಗಿದರು.

ಅತ್ತಿಗೆ ಬೆಂಚಿನಿಂದ ಎದ್ದದ್ದನ್ನು ನಾನು ನೆಲದಿಂದಲೇ ಕಂಡೆ. ಅವಸರವಿಲ್ಲದೆ ಬಾಗಿಲ ಪಕ್ಕದ ಮೊಳೆಯ ಹತ್ತಿರ ಹೋದರು. ಅವರು ಈ ಶೆಡ್ಡಿನಲ್ಲಿ ಏನೂ ಕಲಿತವರಲ್ಲ. ಮಾಸ್ಟರ್ ಎರಡು ಕೈಯಿಂದ ಮೂಗು ಹಿಡಿದುಕೊಂಡು, "ಅಮ್ಮ, ನನ್ ಮಾತ್ ಕೇಳು, ನಾನು ಒಬ್ನೇ ಏನ್ ಮಾಡಕ್ಕಾಗ್ತಿತ್ತು," ಎಂದು ಬಗ್ಗಿದ್ದರು. ಅತ್ತಿಗೆ ಕಬ್ಬಿಣದ ಹಿಡಿಯನ್ನು ಎರಡು ಕೈಯಿಂದ ಎತ್ತಿ, ಬಟ್ಟೆ ಒಗೆಯುವವರು ಕಲ್ಲಿಗೆ ಎತ್ತಿ ಬಡಿಯುವಂತೆ ಬಡಿದರು. ಕಿವಿಯ ಮೇಲೆ ಬಿತ್ತು. ಮಾಸ್ಟರ್ ತಲೆ ಹೊರಳಿಸಲಿಲ್ಲ. ನಿಜವಾದ ಪೆಟ್ಟಿಗೆ ಯಾರೂ ಚೆಂದವಾಗಿ ತಲೆ ಹೊರಳಿಸುವುದಿಲ್ಲ. ಇದ್ದಲ್ಲೇ ಮಡಚಿಕೊಂಡು ಬಿದ್ದರು. ಕುರ್ಚಿ ಬಿತ್ತು. ಅತ್ತಿಗೆ ಇನ್ನೊಂದು ಸಲ ಬಡಿದರು, ಹೆಗಲಿಗೆ. ಆಮೇಲೆ ಹಿಡಿಯನ್ನು ಕೆಳಗಿಟ್ಟು ಪಕ್ಕದಲ್ಲಿ ನಿಂತರು.

ಡೊಳ್ಳ ನನ್ನ ಮೇಲಿಂದ ಎದ್ದ. ಎಲ್ಲರೂ ಎದ್ದಿದ್ದರು. ಮಾಸ್ಟರ್ ಬೋರಲು ಬಿದ್ದಿದ್ದರು. ಕಿವಿಯ ಕೆಳಗೆ ರಕ್ತ ಮಡುಗಟ್ಟುತ್ತಿತ್ತು. ಒಂದು ಕೈ ನೆಲದಿಂದ ಎದ್ದಿತು. ಮುಷ್ಟಿ ಇರಲಿಲ್ಲ.

ಡೊಳ್ಳ ಒಂದು ಹೆಜ್ಜೆ ಇಟ್ಟ.

"ಯಾರೂ ಹೋಗ್ಬೇಡಿ," ಎಂದರು ಅತ್ತಿಗೆ. ದನಿ ಏರಿಸಲಿಲ್ಲ. "ಕಟ್ ಹೇಳಿಲ್ಲ."

ಡೊಳ್ಳ ನಿಂತ. ಅಷ್ಟು ಜನ ಗಂಡಸರು, ಬಸ್ಸಿನ ಮೇಲಿಂದ ಹಾರುವವರು, ಬೆಂಕಿಯೊಳಗೆ ಓಡುವವರು, ನಿಂತುಬಿಟ್ಟರು. ಕಲ್ಲುಗಣಿಯಲ್ಲೂ ಹೀಗೇ ನಿಂತಿರಬೇಕು.

ಟೀವಿಯಲ್ಲಿ ಹೀರೋ ಪ್ರಶಸ್ತಿ ಎತ್ತಿ ಹಿಡಿದು ಮಾತಾಡುತ್ತಿದ್ದ. "ಎಲ್ರೂ ಕೇಳ್ತಾರೆ, ಆ ಕೈಯಲ್ಲಿ ಅಷ್ಟು ನೋವು ಎಲ್ಲಿಂದ ತಂದ್ರಿ ಅಂತ. ತರಕ್ಕಾಗಲ್ಲ. ಅದು ಒಳಗಿಂದ ಬರ್ಬೇಕು." ಬಲಗೈ ಬಿಚ್ಚಿ ತೋರಿಸಿದ. ಕಿರುಬೆರಳು ಪೆನ್ಸಿಲಿನಂತೆ ನೆಟ್ಟಗಿತ್ತು. ಸಭೆ ಮತ್ತೆ ಎದ್ದು ನಿಂತಿತು. ಅವನು ತಾಯಿಗೆ, ಡೈರೆಕ್ಟರಿಗೆ, ವ್ಯಾಯಾಮ ಹೇಳಿಕೊಡುವವನಿಗೆ ಕೃತಜ್ಞತೆ ಹೇಳುತ್ತಾ ಹೋದ. ನೆಲದ ಮೇಲಿನ ಕೈ ನಡುಗಿತು. ಬೀಳಹೋಗಿ ಮತ್ತೆ ಎದ್ದಿತು. ಬೆರಳು ಅಗಲಿಸಿತು.

ಅದನ್ನು ನೋಡಿ ಅತ್ತಿಗೆಯ ಮುಖ ಕಿವುಚಿಕೊಂಡಿತು. ಅಷ್ಟು ಹೊತ್ತು ಇಲ್ಲದ ಅಳು ಒಮ್ಮೆಗೇ ಬಂತು. ಬೇರೆ ಯಾರ ಕೈಯೇ ಆಗಲಿ, ಆ ಕೈ ಏನು ಕೇಳುತ್ತಿದೆ ಎಂದು ಅವರಿಗೆ ಗೊತ್ತಿತ್ತು.

"ಕಟ್," ಎಂದರು. "ಹೋಗಿ. ಎತ್ಕೊಂಡ್ ಹೋಗಿ."

ಎಲ್ಲರೂ ಒಟ್ಟಿಗೆ ಓಡಿದರು.

ಮಾಸ್ಟರ್ ಬದುಕಿದರು. ಒಂದು ಕಿವಿ ಹೋಯಿತು, ನಡೆದರೆ ಒಂದು ಕಡೆ ವಾಲುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರ್ ಏನಾಯ್ತು ಎಂದು ಕೇಳಿದಾಗ ಡೊಳ್ಳ, "ಪ್ರಾಕ್ಟೀಸಲ್ಲಿ ಕಾಲು ಜಾರ್ತು," ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ಅದೇ ಬಂತು. ಪ್ರಜ್ಞೆ ಬಂದ ಮೇಲೆ ಮಾಸ್ಟರೂ ಪೊಲೀಸಿನವನಿಗೆ ಅದನ್ನೇ ಹೇಳಿದರು.

ನೋವಾಗ್ಲಿಲ್ವಂತೆ ಎಂದು ಅತ್ತಿಗೆ ಆಮೇಲೆ ಯಾರಿಗೂ ಹೇಳಲಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿದರು. ಪ್ರಶಸ್ತಿ ಬಂದದ್ದೇ ನೆಪವಾಗಿ ಆ ಸಿನಿಮಾವನ್ನು ಮತ್ತೆ ಟಾಕೀಸಿಗೆ ಹಾಕಿದರು. ಗೋಡೆ ಗೋಡೆಗೂ ಅಣ್ಣನ ಕೈ. ಒಂದು ಮಧ್ಯಾಹ್ನ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು, "ಬಾ," ಎಂದರು. ಎಲ್ಲಿಗೆ ಎಂದು ಕೇಳಲಿಲ್ಲ.

ಟಾಕೀಸು ತುಂಬಿತ್ತು. ಗಣಿ ಬರುವ ಮೊದಲೇ ಜನ ಶಿಳ್ಳೆ ಹೊಡೆಯುತ್ತಿದ್ದರು, ಎಷ್ಟನೇ ಸಲ ನೋಡುತ್ತಿದ್ದರೋ. ಅಣ್ಣ ಹಾರಿದ. ಧೂಳು ಎದ್ದಿತು. ಕೈ ಎದ್ದಿತು, ಒಂದು ಮನೆಯಷ್ಟು ದೊಡ್ಡದಾಗಿ. ಅತ್ತಿಗೆ ಎದ್ದು ನಿಂತರು. ಕೂತವರ ಮಂಡಿ ತುಳಿದುಕೊಂಡು ಪರದೆಯ ಕಡೆಗೆ ನಡೆದರು. ಯಾರಾದರೂ ಹೋಗಬೇಕಿತ್ತಲ್ಲ. ನಾನು ಹಿಂದೆಯೇ ಹೋದೆ, ಪಕ್ಕೆ ಹಿಡಿದುಕೊಂಡು.

"ಏಯ್, ಕೂತ್ಕೊಳ್ಳಮ್ಮ," ಎಂದು ಕೂಗಿದರು. ಯಾರೋ ನೀರಿನ ಬಾಟಲಿ ಎಸೆದರು.

ಅತ್ತಿಗೆ ಪರದೆಯ ಮುಂದಿನ ಕಟ್ಟೆ ಹತ್ತಿ ಕೈಯ ಕೆಳಗೆ ನಿಂತರು. ಬೆಳಕು ಅವರ ಬೆನ್ನ ಮೇಲೆ ಬಿದ್ದು ಧೂಳೆಲ್ಲ ಅವರ ಮೈಮೇಲೆ ಓಡಾಡಿತು. ಸೊಟ್ಟ ಕಿರುಬೆರಳು ಕೈಗೆ ಎಟುಕಲಿಲ್ಲ. ಎರಡು ಸಲ ಹಾರಿ ನೋಡಿದರು. ಆಮೇಲೆ ಪರದೆಯ ಅಂಚನ್ನು ಎರಡು ಕೈಯಿಂದ ಹಿಡಿದು ಜಗ್ಗಿದರು, ನಾನೂ ಹಿಡಿದೆ. ಮೊದಲು ಹೊಲಿಗೆ ಬಿಚ್ಚಿತು, ಆಮೇಲೆ ಬಟ್ಟೆ ಉದ್ದಕ್ಕೆ ಹರಿಯಿತು.

ಜನ ಕಟ್ಟೆ ಹತ್ತಿ ಬಂದು ನಮ್ಮನ್ನು ಹೊಡೆದರು. ನಾನು ಅತ್ತಿಗೆಯ ಮೇಲೆ ಬಗ್ಗಿ ಬೆನ್ನು ಕೊಟ್ಟೆ. ಎರಡು ಬೆರಳು ಈಚೆಗೆ ನಿಲ್ಲಿಸುವ ಅಭ್ಯಾಸ ಅವರಲ್ಲಿ ಯಾರಿಗೂ ಇರಲಿಲ್ಲ.